ಸಾಂತೊ ದೊಮಿಂಗೊದ ಬಾಗಿಲಲ್ಲಿ ಅದ್ದಿದ ಬೆರಳು

ಬೀಭತ್ಸರಸಕ್ಕೆ ಅಧಿದೇವತೆಯಾದ ಮಹಾಕಾಲನೇ, ಸುಡುಗಾಡಿನ ಬೂದಿಯನ್ನು ಗಂಧವೆಂದು ಪೂಸಿಕೊಂಡವನೇ, ಲೋಕವು ಮೂಗು ಮುಚ್ಚಿಕೊಳ್ಳುವುದನ್ನೂ ಮುಡಿಯಲ್ಲಿ ಧರಿಸಬಲ್ಲವನೇ, ಹೇಸಬೇಕಾದದ್ದಕ್ಕೆ ಹೇಸುವ ಮತ್ತು ಹೇಸಬಾರದ್ದಕ್ಕೆ ಹೇಸದಿರುವ ವಿವೇಕವನ್ನು ಈ ಲೇಖನಿಗೆ ಕರುಣಿಸು; ಈ ಕಥೆಯೊಳಗೆ ನಡೆದಾಡುವ ಹೆಂಗಸಿಗೂ ಅದನ್ನೇ ಕರುಣಿಸು.

ಬೆರಳು ನೀರಿಗಿಳಿಯಿತು.

ಅದು ರೋಜಿಯ ಬಲಗೈಯ ನಡುಬೆರಳು. ಇಗರ್ಜಿಯ ಬಾಗಿಲ ಪಕ್ಕದ ಕಲ್ಲಿನ ತೀರ್ಥದ ಬಟ್ಟಲಲ್ಲಿ ತುದಿ ನೆನೆಯುವಷ್ಟು ಮಾತ್ರ ಅದ್ದಿ ಹಣೆಗೆ ಹೋಯಿತು, ಎದೆಗೆ ಇಳಿಯಿತು, ಎಡಭುಜವನ್ನು ಮುಟ್ಟಿತು, ಬಲಭುಜವನ್ನು ಮುಟ್ಟಿತು, ತುಟಿಯ ಬಳಿ ಒಂದು ಕ್ಷಣ ನಿಂತು ಕೆಳಗೆ ಬಂತು. ಅಷ್ಟು ಹೊತ್ತೂ ರೋಜಿ ಹಿಂದಕ್ಕೆ ತಿರುಗಿ ಮಾತನಾಡುತ್ತಲೇ ಇದ್ದಳು. ತಾನು ಕಾರಿನಲ್ಲಿ ಮರೆತ ಬುತ್ತಿಯ ಡಬ್ಬಿಯನ್ನು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ ತನ್ನ ಆಫೀಸಿನ ಯಜಮಾನಿ ನೀರಜಾಕ್ಷಿಗೆ, ಡಬ್ಬಿ ಕಾರಿನಲ್ಲೇ ಇರಲಿ, ಪೂಜೆ ಮುಗಿಸಿ ನೇರವಾಗಿ ಆಫೀಸಿಗೆ ಬರುತ್ತೇನೆ ಎಂದು ಹೇಳುತ್ತಿದ್ದಳು.

ಆ ಮಾತು ನೀರಜಾಕ್ಷಿಯ ಕಿವಿಗೆ ಬೀಳಲಿಲ್ಲ. ಆ ಕೈಯ ನಡೆಯನ್ನು ಅವಳು ಬಲ್ಲಳು. ಆರು ದಿನಗಳಿಂದ ಒಂದು ವೀಡಿಯೋದಲ್ಲಿ ಅದನ್ನು ನೋಡಿ ನೋಡಿ, ಅದರಲ್ಲೇನೂ ಇಲ್ಲವೆಂದು ಕೈಬಿಟ್ಟಿದ್ದಳು.

"ರೋಜಿ, ಈಗ ನೀನು ಏನು ಮಾಡಿದೆ?"

"ನಾನಾ? ಎಂತ ಮಾಡಿದೆ ನೀರಜಕ್ಕ? ನಿಮ್ಮ ಹತ್ತಿರ ಮಾತಾಡಿದೆ."

"ಕೈಯಲ್ಲಿ."

ರೋಜಿ ತನ್ನ ಕೈಯನ್ನೇ ನೋಡಿಕೊಂಡಳು. ಬೆರಳ ತುದಿ ಇನ್ನೂ ಒದ್ದೆಯಾಗಿತ್ತು. ಅದನ್ನು ಕಂಡ ಮೇಲೆಯೇ ತಾನು ಶಿಲುಬೆಯ ಗುರುತು ಮಾಡಿಕೊಂಡದ್ದು ಅವಳಿಗೆ ನೆನಪಾದದ್ದು.

ನೀರಜಾಕ್ಷಿ ದಾವಣಗೆರೆಯವಳು. ಬಹ್ರೇನಿಗೆ ಬಂದು ಇಪ್ಪತ್ತೆರಡು ವರ್ಷಗಳಾಗಿದ್ದವು. ವಿಮಾ ಕಂಪನಿಗಳಿಗೆ ಸರ್ವೆಯರ್ ಆಗಿ ನಷ್ಟದ ತನಿಖೆ ಮಾಡಿಕೊಡುವುದು ಅವಳ ವೃತ್ತಿ; ಸುಟ್ಟ ಗೋದಾಮು, ಮುಳುಗಿದ ದೋಣಿ, ನಜ್ಜುಗುಜ್ಜಾದ ಕಾರುಗಳ ಚಿತ್ರಗಳನ್ನು ನೋಡಿ, ಇದು ನಿಜ, ಇದು ಕಟ್ಟಿದ್ದು ಎಂದು ಬರೆದುಕೊಡುವುದು. ಅವಳ ಸಹಿ ಬಿದ್ದ ಕಾಗದವನ್ನು ಈ ದ್ವೀಪದಲ್ಲಿ ಯಾರೂ ಮರುಪ್ರಶ್ನಿಸುತ್ತಿರಲಿಲ್ಲ. ಈಗ ಅವಳ ಮುಂದಿದ್ದ ಕೆಲಸವೂ ಚಿತ್ರಗಳದೇ, ಆದರೆ ನಷ್ಟವಾಗಿದ್ದದ್ದು ಒಬ್ಬ ಹೆಂಗಸು.

ಸಿತ್ರಾದ ಒಂದು ರಾಸಾಯನಿಕ ಸ್ಥಾವರದ ಕಚೇರಿಯಲ್ಲಿ ಕಾಗದಪತ್ರಗಳನ್ನು ಕಾಯುತ್ತಿದ್ದ ಸತ್ಯವತಿ ಎರಡು ವಾರದ ಹಿಂದೆ ಒಬ್ಬಳೇ ಮೆಕ್ಸಿಕೋ ದೇಶದ ವಾಹಾಕಾ ಎಂಬ ಪುರಾತನ ನಗರಕ್ಕೆ ಪ್ರವಾಸ ಹೋಗಿದ್ದಾಳೆ, ಅಲ್ಲಿಯ ನೆಮ್ಮದಿಗೆ ಮನಸೋತು ಉಳಿದುಬಿಟ್ಟಿದ್ದಾಳೆ ಎಂದು ಅವಳ ಗಂಡ ಸಮರ್ಥ ಹೇಳುತ್ತಿದ್ದ. ಅದೇ ಸ್ಥಾವರದ ದುರಸ್ತಿ ವಿಭಾಗಕ್ಕೆ ಅವನೇ ಮುಖ್ಯಸ್ಥ. ದಿನಕ್ಕೊಂದರಂತೆ ಐದು ವೀಡಿಯೋಗಳು ಬಂದಿದ್ದವು. ಮಗಳು ಮಾನಸಳ ಫೋನಿಗೆ ಅಮ್ಮನ ಸಂದೇಶಗಳು ಇಂದಿಗೂ ಬರುತ್ತಿದ್ದವು. ದಿನವೂ ಬರೆಯುವ ಹೆಂಗಸನ್ನು ಯಾರೂ ಕಾಣೆಯಾದವಳೆಂದು ಕರೆಯುವುದಿಲ್ಲ. ಪೊಲೀಸರ ಬಳಿ ದೂರೇ ಇರಲಿಲ್ಲ.

ಆದರೆ ನಾಳೆ ಗುರುವಾರ ಬೆಳಗ್ಗೆ ಹತ್ತಕ್ಕೆ ವಿಚಾರಣೆ. ಮರಿಸ್ವಾಮಿ ಎಂಬ ಕೂಲಿಯೂ ಅವನ ಜೊತೆಗಾರನೂ ಆ ಸ್ಥಾವರದ ಟ್ಯಾಂಕ್ ಒಂದರೊಳಗೆ ಇಳಿದು ವಿಷಗಾಳಿಗೆ ಸತ್ತಿದ್ದರು. ಗಾಳಿಯ ಪರೀಕ್ಷೆ ಮುಂಚೆಯೇ ಆಗಿತ್ತು ಎಂದು ಹೇಳುವ ಪರ್ಮಿಟ್ಟು ಅವರು ಸತ್ತ ಮೇಲೆ ಹುಟ್ಟಿದ್ದು. ಅದನ್ನು ಕಣ್ಣಾರೆ ಕಂಡವಳು ಸತ್ಯವತಿ ಒಬ್ಬಳೇ. ಸಾಕ್ಷಿ ನಿಜವಾಗಿ ಪರದೇಶದಲ್ಲಿದ್ದರೆ ಅವಳಿಲ್ಲದೆಯೇ ಕಡತ ಮುಚ್ಚುತ್ತೇವೆ, ಅದಕ್ಕೆ ಹೊರಗಿನವರೊಬ್ಬರ ದೃಢೀಕರಣ ಇಂದು ಸಂಜೆ ನಾಲ್ಕರೊಳಗೆ ಬರಲಿ ಎಂದು ವಿಚಾರಣಾಧಿಕಾರಿ ಹೇಳಿದ್ದ. ಆ ದೃಢೀಕರಣಕ್ಕಾಗಿ ನೀರಜಾಕ್ಷಿಯ ಬಾಗಿಲು ತಟ್ಟಿದವಳು ಮಾನಸ. ಅಮ್ಮ ಕ್ಷೇಮವಾಗಿದ್ದಾಳೆ ಎಂದು ಯಾರಾದರೂ ಬರೆದುಕೊಟ್ಟರೆ ತನಗೆ ನಿದ್ದೆ ಬರುತ್ತದೆ ಎಂದು ಆ ಹುಡುಗಿ ಅತ್ತಿದ್ದಳು.

ನೀರಜಾಕ್ಷಿ ಆಫೀಸಿಗೆ ಹೋದವಳೇ ಎರಡನೆಯ ವೀಡಿಯೋ ಹಾಕಿದಳು.

ವಾಹಾಕಾದ ಸಾಂತೊ ದೊಮಿಂಗೊ ಇಗರ್ಜಿ. ಸಂತನ ವಂಶವೃಕ್ಷವೇ ಚಿನ್ನದ ಬಳ್ಳಿಯಾಗಿ ಚಾವಣಿಯ ತುಂಬ ಹಬ್ಬಿದ ಆ ಭವ್ಯಮಂದಿರವನ್ನು ನೋಡಲೆಂದೇ ದೇಶವಿದೇಶದವರು ಬರುತ್ತಾರಂತೆ. ಬಾಗಿಲಲ್ಲಿ ಒಬ್ಬ ಹೆಂಗಸು, ಬೆನ್ನು ನಮ್ಮ ಕಡೆಗೆ. ತಲೆಯ ಮೇಲೆ ಸತ್ಯವತಿಯ ಹಸಿರು ಶಾಲು. ಅವಳು ಚಪ್ಪಲಿ ಬಿಟ್ಟು ಹೊಸ್ತಿಲು ದಾಟುತ್ತಾಳೆ. ಬಲಗೈ ಕಂಬದ ಪಕ್ಕಕ್ಕೆ ಸರಿಯುತ್ತದೆ, ಮೊಣಕೈ ಮೇಲೇಳುತ್ತದೆ, ಇಳಿಯುತ್ತದೆ, ಎಡಕ್ಕೆ, ಬಲಕ್ಕೆ. ಶಾಲು ಸರಿಮಾಡಿಕೊಂಡಳು ಎಂದೇ ನೀರಜಾಕ್ಷಿ ಆರು ದಿನ ತಿಳಿದಿದ್ದಳು. ಇದೇ ವೀಡಿಯೋವನ್ನು ಹತ್ತು ಸಲ ನೋಡಿದ ರೋಜಿಯೂ ಏನೂ ಹೇಳಿರಲಿಲ್ಲ. ಇಗರ್ಜಿಯ ಬಾಗಿಲಲ್ಲಿ ಕೈ ಹಾಗೆ ಹೋಗದಿದ್ದರೆ ತಾನೇ ಅವಳಿಗೆ ವಿಚಿತ್ರವೆನಿಸುವುದು!

ಸತ್ಯವತಿ ಹಾಸನದ ಅಗ್ರಹಾರದ ಮಗಳು. ಆಚಮನಕ್ಕೆ ಹೋಗಬಹುದಾದ ಕೈ ಅವಳದು, ಈ ದಾರಿ ಹಿಡಿಯುವ ಕೈಯಲ್ಲ.

ಇದು ತನಗೆ ಮೊದಲೇ ಏಕೆ ಕಾಣಲಿಲ್ಲ ಎಂದು ಕೇಳಿಕೊಂಡಾಗ ನೀರಜಾಕ್ಷಿಗೆ ತನ್ನ ಮೇಲೆಯೇ ಜುಗುಪ್ಸೆಯಾಯಿತು. ಕಾರಣ ಮೂರನೆಯ ವೀಡಿಯೋ.

ಆ ನಗರದ ಹೊರಗೆ ನೇಕಾರರ ಊರೊಂದಿದೆ. ಪಾಪಾಸುಕಳ್ಳಿಯ ಎಲೆಯ ಮೇಲೆ ಬೂಷ್ಟು ಹಿಡಿದಂತೆ ಬಿಳಿಯ ಹುಳುಗಳನ್ನು ಸಾಕುತ್ತಾರೆ. ನೇಯುವವಳು ಬಂದ ಅತಿಥಿಗಳ ಮುಂದೆ ಒಂದು ಹುಳುವನ್ನು ಅಂಗೈಯಲ್ಲಿಟ್ಟು ಉಗುರಿನಿಂದ ಅರೆದಳು. ಅಂಗೈ ತುಂಬ ರಕ್ತ. ನಿಂಬೆಯ ಹನಿ ಬಿದ್ದಾಗ ಆ ರಕ್ತ ಕೇಸರಿಯಾಯಿತು, ಸುಣ್ಣ ಸೋಕಿದಾಗ ನೇರಳೆಯಾಯಿತು. ಕುಂಕುಮಕ್ಕಿಂತ ಕೆಂಪಾದ ಆ ಬಣ್ಣದಲ್ಲಿ ನೂಲು ಮಿಂದೇಳುತ್ತಿತ್ತು. ಅದನ್ನು ಕಂಡ ದಿನ ನೀರಜಾಕ್ಷಿಗೆ ಬೀಟ್‌ರೂಟಿನ ಪಲ್ಯ ಗಂಟಲಿನಲ್ಲಿ ಇಳಿಯಲಿಲ್ಲ. ಮರುದಿನ ಹಣೆಗೆ ಕುಂಕುಮ ಇಡುವಾಗ ಕೈ ಅಳುಕಿತು. ಸತ್ಯವತಿಯಂಥ ಮಡಿಯ ಹೆಂಗಸು ಅಲ್ಲಿ ನಿಂತಾಳೆಯೇ ಎಂಬ ಒಂದೇ ಶಂಕೆ ಹಿಡಿದು ಆ ಒಂದೇ ಚಿತ್ರವನ್ನು ಇಪ್ಪತ್ತು ಸಲ ಕೆದಕಿದಳು. ಶಾಲಿನವಳು ಅಲ್ಲಿ ಕೈ ಹಿಂದಕ್ಕೆಳೆದುಕೊಂಡಿದ್ದಳು; ತಪ್ಪಿರಲಿಲ್ಲ. ನಾಲ್ಕನೆಯದರಲ್ಲಿ, ಸಂತೆಯೊಳಗೆ ಉಪ್ಪು ಬೆಳ್ಳುಳ್ಳಿ ಹಾಕಿ ಹುರಿದ ಮಿಡತೆಗಳನ್ನು ರಾಗಿಯಂತೆ ರಾಶಿ ಹಾಕಿದ್ದ ಕಡೆ, ಮುಖ ತಿರುಗಿಸಿ ಚಾಕೊಲೇಟ್ ಕೊಂಡಿದ್ದಳು, ಅಲ್ಲಿಯೂ ತಪ್ಪಿರಲಿಲ್ಲ. ಮೊಂತೆ ಆಲ್ಬಾನ್ ಬೆಟ್ಟದ ಮೇಲಿನ ಹಾಳುಗುಡಿಗಳಿಗೆ ಪ್ರದಕ್ಷಿಣೆ ಬಂದಿದ್ದಳು. ಎಲ್ಲ ಕಡೆಯೂ ಬಲು ಜೋಕೆ.

ಹುಳುವಿಗೆ ಹೇಸುವುದರಲ್ಲಿ ಮುಳುಗಿ ಮನುಷ್ಯರ ಕೈಯನ್ನು ನೋಡದೆ ಹೋದೆನಲ್ಲ! ಆ ನೇಕಾರಳದು ಹೊಟ್ಟೆಪಾಡು, ಮುತ್ತಜ್ಜಿಯರಿಂದ ಬಂದ ವಿದ್ಯೆ. ಅದರಲ್ಲಿ ಅಸಹ್ಯವೇನಿತ್ತು? ಅಸಹ್ಯವಿದ್ದದ್ದು ಆ ವೀಡಿಯೋದ ಕೆಳಗೆ ಬರೆದಿದ್ದ ಸಾಲಿನಲ್ಲಿ. "ಪುಟ್ಟಿ, ಈ ಕೆಂಪು ನೋಡಿ ನಿನ್ನ ನಾಮಕರಣದ ಸೀರೆ ನೆನಪಾಯಿತು. ಅಮ್ಮನಿಗಾಗಿ ಅಳಬೇಡ." ಬೇರೆ ಯಾರೋ ಕೂತು, ಒಬ್ಬ ತಾಯಿಯ ಬಾಯೊಳಗೆ ಕೈ ಹಾಕಿ, ಈ ಮಾತುಗಳನ್ನು ಎಳೆದು ತೆಗೆದಿದ್ದರು.

ರೋಜಿ ಆಫೀಸಿಗೆ ಬಂದಾಗ ನೀರಜಾಕ್ಷಿ ಕೇಳಿದ್ದು ಒಂದೇ ಪ್ರಶ್ನೆ. ನಮ್ಮ ಕರಾವಳಿಯ ಕ್ರೈಸ್ತ ಹೆಂಗಸರಲ್ಲಿ, ಸತ್ಯವತಿಯ ಎತ್ತರ ಮೈಕಟ್ಟಿನವಳು, ಎರಡು ವಾರದ ಹಿಂದೆ ರಜೆ ಹಾಕಿ ಹೋದವಳು ಯಾರು?

ರೋಜಿ ಮೂವರ ಹೆಸರು ಹೇಳಿದಳು. ಇಬ್ಬರನ್ನು ತಾನೇ ಬಿಟ್ಟಳು. ಮೂರನೆಯವಳ ಹೆಸರಿಗೆ ಬಂದಾಗ ಮಾತು ನಿಧಾನವಾಯಿತು. ಡೈನಾ, ನರ್ಸು. ಕಸಿನ್ ಒಬ್ಬಳ ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರಕ್ಕೆಂದು ಮಂಗಳೂರಿಗೆ ಹೋಗಿ ಬಂದಳಂತೆ.

"ಆದರೆ ನೀರಜಕ್ಕ, ಅವಳು ಊರಿಂದ ಬಂದು ಒಂದು ವಾರ ಆಯ್ತು. ನಮ್ಮ ಬಿಲ್ಡಿಂಗಿಗೆ ಒಂದು ತುಂಡು ಹಲ್ವ ಬರಲಿಲ್ಲ. ಒಣಮೀನಿಲ್ಲ, ಚಕ್ಕುಲಿಯಿಲ್ಲ, ಒಂದು ಪ್ಯಾಕೆಟ್ ರಸ್ಕ್ ಸಹ ಇಲ್ಲ. ಊರಿಂದ ಬರಿಗೈಯಲ್ಲಿ ಬರುವ ಜನ ನಮ್ಮಲ್ಲಿ ಇದ್ದಾರಾ? ಹೆಣ ತೆಗೆದುಕೊಂಡು ಹೋದವರೂ ಬರುವಾಗ ಉಪ್ಪಿನಕಾಯಿ ತರ್ತಾರೆ ಮಾರಾಯ್ರೇ."

ಇಷ್ಟು ಸಾಕಾಯಿತು.

ದೃಢೀಕರಣದ ಕಾಗದ ಬಂದೊಡನೆ ಒಪ್ಪಿಸಲು ಸಿದ್ಧಳಾಗಿರಲೆಂದು ರೋಜಿಯನ್ನು ವಿಚಾರಣಾಧಿಕಾರಿಯ ಕಚೇರಿಗೆ ಕಳುಹಿಸಿ, ನೀರಜಾಕ್ಷಿ ಮಾನಸಳನ್ನು ಕರೆದುಕೊಂಡು ಡೈನಾ ಇರುವ ಗುದೈಬಿಯಾಕ್ಕೆ ಹೊರಟಳು. ಕರೆಯಬೇಕೆಂದೇನೂ ಇರಲಿಲ್ಲ. ಆದರೆ ಸುದ್ದಿ ಕೇಳಿದ ಮಾನಸ ತಾನೂ ಬರುತ್ತೇನೆಂದು ಹಟ ಹಿಡಿದಳು. ತನ್ನ ತಾಯಿಯ ವಿಷಯವನ್ನು ತನ್ನ ಕಿವಿಯಿಂದಲೇ ಕೇಳುವ ಹಕ್ಕು ಮಗಳಿಗಿಲ್ಲವೇ ಎಂದು ನೀರಜಾಕ್ಷಿಗೂ ಅನಿಸಿತು. ಇಪ್ಪತ್ತರ ಹುಡುಗಿ, ಇಲ್ಲಿಯೇ ಹುಟ್ಟಿ ಬೆಳೆದವಳು. ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತ ಉಗುರು ಕಚ್ಚುತ್ತಿದ್ದಳು.

ಕೆಳಗೆ ಕೋಲ್ಡ್ ಸ್ಟೋರ್ ಎಂಬ ದಿನಸಿ ಅಂಗಡಿಯಿದ್ದ ಹಳೆಯ ಕಟ್ಟಡದ ಮೂರನೆಯ ಮಾಳಿಗೆ. ಡೈನಾ ಬಾಗಿಲು ತೆರೆದಾಗ ಗಂಟೆ ಒಂದು. ರಾತ್ರಿಪಾಳಿ ಮುಗಿಸಿ ಮಲಗಿ ಎದ್ದ ಮುಖ. ಅವಳ ಕಣ್ಣು ಮೊದಲು ನೀರಜಾಕ್ಷಿಯ ಮೇಲೆ, ಆಮೇಲೆ ಮಾನಸಳ ಮೇಲೆ ಬಿದ್ದು, ಅಲ್ಲಿಯೇ ಸ್ವಲ್ಪ ಹೆಚ್ಚು ಹೊತ್ತು ನಿಂತಿತು. ತಾಯಿಯ ಹೋಲಿಕೆ ಮಗಳಲ್ಲಿ ಕಂಡು ಬೆಚ್ಚಿದಳು ಎಂದು ನೀರಜಾಕ್ಷಿ ಎಣಿಸಿದಳು.

ಕೂತದ್ದಾಯಿತು, ನೀರು ಬಂದದ್ದಾಯಿತು. ರೋಜಿಯ ಹೆಸರು ಹೇಳಿ, ಊರಿನ ಮದುವೆ ಹೇಗಾಯಿತು ಎಂದು ನೀರಜಾಕ್ಷಿ ಕೇಳಿದಳು. ಚೆನ್ನಾಗಿ ಆಯಿತು ಎಂದಳು ಡೈನಾ.

"ರೋಸ್‌ನಲ್ಲಿ ಮದುಮಗಳಿಗೆ ತೆಂಗಿನಹಾಲು ಹಚ್ಚುತ್ತಾರಂತಲ್ಲ. ಒಂದು ಫೋಟೋ ತೋರಿಸಿ."

"ಫೋನ್ ಬದಲಾಯಿಸಿದೆ ಮೇಡಂ. ಎಲ್ಲಾ ಹೋಯ್ತು."

"ರೋಜಿಗೆ ಒಂದು ತುಂಡು ಹಲ್ವ ತರಬಾರದಿತ್ತೆ? ಬೇಸರ ಮಾಡಿಕೊಂಡಿದ್ದಾಳೆ."

ಡೈನಾ ನಕ್ಕಳು. ನಗು ತುಟಿಯಿಂದ ಮುಂದೆ ಹೋಗಲಿಲ್ಲ. "ರೋಜಿ ಬಾಯಿಗೆ ಹೊಟ್ಟೆಯದ್ದೇ ಚಿಂತೆ. ಲಗೇಜ್ ಕಡಿಮೆ ಇತ್ತು ಮೇಡಂ."

ನೀರಜಾಕ್ಷಿ ಲ್ಯಾಪ್‌ಟಾಪ್ ತೆರೆದು ಮೇಜಿನ ಮೇಲಿಟ್ಟು ಎರಡನೆಯ ವೀಡಿಯೋ ಹಾಕಿದಳು. ಹಸಿರು ಶಾಲು, ಚಿನ್ನದ ಚಾವಣಿ, ಬಾಗಿಲು. ಕೈ ಮೇಲೇಳುವ ಹೊತ್ತಿಗೆ ಚಿತ್ರವನ್ನು ನಿಲ್ಲಿಸಿ, ಗೋಡೆಯ ಮೇಲಿದ್ದ ಶಿಲುಬೆಯ ಕೆಳಗಿನ ಪುಟ್ಟ ನೀರಿನ ಬಟ್ಟಲನ್ನು ಒಮ್ಮೆ ನೋಡಿದಳು. ಮತ್ತೆ ಚಿತ್ರ ಓಡಿತು. ಹಣೆ, ಎದೆ, ಎಡ, ಬಲ.

ಡೈನಾಳ ಕೈ ತಾನಾಗಿ ಬಾಯಿಗೆ ಹೋಯಿತು.

"ಇದು ನಾನು ಮಾಡಿದ್ದೇ ನನಗೆ ಗೊತ್ತಿಲ್ಲ," ಎಂದಳು. "ಚಪ್ಪಲಿ ಬಿಡಬೇಕು ಅಂತ ನೆನಪಿಟ್ಟೆ. ಬಲಗಡೆಯಿಂದ ಸುತ್ತಬೇಕು ಅಂತ ನೆನಪಿಟ್ಟೆ. ಆ ಮಿಡತೆ ಒಂದು ತಿಂದು ನೋಡುವ ಅಂತ ಆಸೆ ಇತ್ತು, ತಿನ್ನಲಿಲ್ಲ. ಎಲ್ಲಾ ಬರೆದುಕೊಂಡು ಹೋಗಿದ್ದೆ ಮೇಡಂ."

ಇನ್ನು ಅವಳನ್ನು ಕೇಳುವ ಅಗತ್ಯವಿರಲಿಲ್ಲ. ಹುಣ್ಣು ಒಡೆದಂತೆ ಎಲ್ಲವೂ ತಾನಾಗಿ ಹೊರಬಂತು.

ಅವಳ ತಮ್ಮ ಕೀತ್ ಅದೇ ಸ್ಥಾವರದಲ್ಲಿ ಸಮರ್ಥನ ಕೈಕೆಳಗೆ ದುಡಿಯುತ್ತಿದ್ದ. ಟ್ಯಾಂಕಿನಲ್ಲಿ ಇಬ್ಬರು ಸತ್ತ ದಿನ, ಮಾಡದ ಪರೀಕ್ಷೆಗೆ ಸಹಿ ಹಾಕೆಂದು ಸಮರ್ಥ ಕಾಗದ ಒಡ್ಡಿದಾಗ ಹುಡುಗ ಹೆದರಿ ಹಾಕಿಬಿಟ್ಟಿದ್ದ. ಸತ್ಯವತಿ ಬಾಯಿ ಬಿಟ್ಟರೆ ಮೊದಲು ಸೆರೆಮನೆಗೆ ಹೋಗುವವನು ನಿನ್ನ ತಮ್ಮ ಎಂದು ಸಮರ್ಥ ಡೈನಾಳ ಮುಂದೆ ಕೂತು ವಿವರಿಸಿದ. ಹೆಂಡತಿಗೆ ಮನಸ್ಸಿನ ಆಯಾಸ, ಸ್ನೇಹಿತನ ಮನೆಯಲ್ಲಿ ವಿಶ್ರಾಂತಿಗೆ ಇಟ್ಟಿದ್ದೇನೆ, ವಿಚಾರಣೆ ಮುಗಿದ ದಿನವೇ ಕರೆತರುತ್ತೇನೆ, ಅಲ್ಲಿಯವರೆಗೆ ನಂಟರು ಕೇಳದಿರಲಿ ಎಂದ. ಡೈನಾ ತನ್ನದೇ ಪಾಸ್‌ಪೋರ್ಟಿನಲ್ಲಿ, ಸತ್ಯವತಿಯ ಶಾಲು ಮತ್ತು ಫೋನು ಹಿಡಿದು ಹೋದಳು. ದಾರಿಹೋಕರ ಕೈಗೆ ಫೋನು ಕೊಟ್ಟು ಬೆನ್ನ ಕಡೆಯಿಂದ ತೆಗೆಸಿಕೊಂಡಳು.

"ಅವರ ಮಾತು ನಂಬಿದಿರಾ?"

"ನಂಬಿದ ಹಾಗೆ ಮಾಡಿದೆ. ತಮ್ಮ ಅಲ್ಲವಾ."

ಸತ್ಯವತಿ ಎಲ್ಲಿದ್ದಾಳೆಂದು ಕೇಳಿದಾಗ ಡೈನಾ ತಲೆಯಲ್ಲಾಡಿಸಿದಳು. ಗೊತ್ತಿಲ್ಲ. ಅಸ್ಕರ್ ದಾರಿಯ ಕಡೆ ಎಂದು ಒಮ್ಮೆ ಸಮರ್ಥನ ಬಾಯಿ ತಪ್ಪಿ ಬಂದಿತ್ತು, ಅಷ್ಟೇ. ಆದರೆ ಜೀವದಿಂದಿದ್ದಾಳೆ, ಅದು ಮಾತ್ರ ಗೊತ್ತು. ಏಕೆಂದರೆ ಸತ್ಯವತಿ ಚಿಕ್ಕಂದಿನಿಂದ ಇನ್ಸುಲಿನ್ ಮೇಲೆಯೇ ಉಸಿರಾಡುವವಳು. ಬೆಳಗ್ಗೆ ಆರಕ್ಕೊಂದು, ಸಂಜೆ ಆರಕ್ಕೊಂದು ಸೂಜಿ. ಸೂಜಿಯನ್ನು ಅವಳ ಕೈಗೆ ಕೊಡದೆ ತಾನೇ ಚುಚ್ಚಲೆಂದು, ಅದು ಹೇಗೆಂದು ಕಲಿಯಲು ಸಮರ್ಥ ಇದೇ ಮನೆಗೆ ಬಂದಿದ್ದ.

"ಕಿತ್ತಳೆಹಣ್ಣಿಗೆ ಚುಚ್ಚಿ ಕಲಿಸಿದೆ. ನಮ್ಮ ಟ್ರೇನಿಂಗಿನಲ್ಲಿ ಹಾಗೆಯೇ. ನಾಲ್ಕು ಸಲ ಚುಚ್ಚಿ, ಆ ಹಣ್ಣನ್ನೇ ಸುಲಿದು ತಿಂದರು ಮೇಡಂ. ಚೆನ್ನಾಗಿದೆ ಅಂದರು."

ನೀರಜಾಕ್ಷಿ ಸಮರ್ಥನನ್ನು ನೆನೆದಳು. ಪ್ರತಿ ಶನಿವಾರ ಹನುಮಂತನಿಗೆ ತುಪ್ಪದ ದೀಪ ಹಚ್ಚುವ ಮನುಷ್ಯ. ಕನ್ನಡ ಸಂಘದ ವೇದಿಕೆಯ ಮೇಲೆ ಸ್ತ್ರೀಯೇ ಮನೆಯ ಬೆಳಕು ಎಂದು ಭಾಷಣ ಮಾಡಿ ಶಾಲು ಹೊದಿಸಿಕೊಂಡವನು. ಹುಳುಹುಪ್ಪಟೆಗಳನ್ನು ಕಂಡಾಗ ಹುಟ್ಟುವ ಬೀಭತ್ಸ ಒಂದು, ರಕ್ತಮಾಂಸವನ್ನು ಕಂಡಾಗ ಹುಟ್ಟುವುದು ಇನ್ನೊಂದು ಎಂದು ನಮ್ಮ ಹಿರಿಯರು ರಸವನ್ನು ಬಗೆಮಾಡಿ ಹೇಳಿದ್ದಾರೆ. ಒಳ್ಳೆಯ ಮಾತಿನ ಕೆಳಗೆ ಕೊಳೆತದ್ದನ್ನು ಕಂಡಾಗ ಹುಟ್ಟುವ ಹೇಸಿಗೆಗೆ ಅವರು ಯಾವ ಹೆಸರಿಟ್ಟಿದ್ದರೋ.

"ಆ ಮನುಷ್ಯನೇ ತಾಯಿಯ ಹೆಸರಿನಲ್ಲಿ ಮಗಳಿಗೆ ಪತ್ರವನ್ನೂ ಬರೆದ," ಎಂದಳು ನೀರಜಾಕ್ಷಿ. "ಪುಟ್ಟಿಯಂತೆ, ನಾಮಕರಣದ ಸೀರೆಯಂತೆ."

ಡೈನಾಳ ನೋಟ ನೀರಜಾಕ್ಷಿಯ ಭುಜದಾಚೆ, ಸೋಫಾದ ಮೂಲೆಯಲ್ಲಿ ಮುದುಡಿ ಕೂತಿದ್ದವಳ ಕಡೆಗೆ ಹೋಯಿತು; ಬಾಗಿಲಲ್ಲಿ ಹೋಗಿದ್ದಂತೆಯೇ.

"ಅದನ್ನು ಬರೆದದ್ದು ಸರ್ ಅಲ್ಲ ಮೇಡಂ. ಅವರಿಗೆ ಹೆಂಡತಿ ಮಗಳನ್ನು ಏನಂತ ಕರೀತಾಳೆ ಅಂತಲೂ ಸರಿಯಾಗಿ ಗೊತ್ತಿರಲಿಲ್ಲ. ನನಗೆ ವಾಕ್ಯ ಬರ್ತಿತ್ತು, ನಾನು ಅದನ್ನೇ ಸತ್ಯವತಿ ಮೇಡಂ ಫೋನಿಂದ ತಿರುಗಿ ಕಳಿಸ್ತಿದ್ದೆ. ಎಲ್ಲಿಂದ ಬರ್ತಿತ್ತೋ ಅಲ್ಲಿಗೇ."

ನೀರಜಾಕ್ಷಿ ನಿಧಾನವಾಗಿ ತಿರುಗಿದಳು. ಮಾನಸ ತಲೆಯೆತ್ತಿರಲಿಲ್ಲ. ಕಣ್ಣಲ್ಲಿ ನೀರಿತ್ತು. ಆರು ದಿನಗಳಿಂದ ಕಾಣುತ್ತಿದ್ದ ಅದೇ ನೀರು.

ತಾಯಿಯ ಮಮತೆಯನ್ನು ಮಗಳೇ ಅಳೆದು ಬರೆದು, ಭೂಗೋಳದ ಆಚೆ ಬದಿಗೆ ಕಳುಹಿಸಿ, ಅಲ್ಲಿಂದ ತನಗೇ ತರಿಸಿಕೊಂಡು, ಅದನ್ನು ತೋರಿಸಿ ಪರರ ಮನೆಯಲ್ಲಿ ಅತ್ತಿದ್ದಳು! ಆ ಅಳುವಿಗೆ ನೀರಜಾಕ್ಷಿ ತನ್ನ ಸೆರಗನ್ನೇ ಕೊಟ್ಟಿದ್ದಳು. ಸೆರಗನ್ನು ಈಗಲೇ ತೊಳೆಯಬೇಕೆನಿಸಿತು.

"ಆಂಟಿ," ಎಂದಳು ಮಾನಸ. "ಪ್ಲೀಸ್, ಆಂಟಿ. ವೀಡಿಯೋದಲ್ಲಿ ಇರೋದು ಅಮ್ಮನೇ ಅಂತ ಒಂದೇ ಲೈನ್ ಬರೆದುಕೊಡಿ. ನಾಳೆ ಹನ್ನೊಂದು ಗಂಟೆಗೆಲ್ಲಾ ಮುಗಿದುಹೋಗುತ್ತೆ."

"ಮುಗಿದುಹೋಗುತ್ತದೆ. ಸತ್ತ ಇಬ್ಬರದೂ ಮುಗಿಯುತ್ತದೆ, ನಿನ್ನ ತಾಯಿ ಕಂಡ ಸತ್ಯವೂ ಮುಗಿಯುತ್ತದೆ."

"ನೀವು ಪೂರ್ತಿ ಕೇಳಿ, ಆಂಟಿ. ಬರೆಯದಿದ್ದರೆ ಅಪ್ಪ..."

"ನಿನ್ನಪ್ಪನ ಮಾತು ನನ್ನ ಮುಂದೆ ಎತ್ತಬೇಡ."

"ಅಪ್ಪನಿಗೋಸ್ಕರ ಅಲ್ಲ, ನಾನು ಹೇಳೋದು..."

"ಸಾಕು. ಇನ್ನು ನಿನ್ನ ಬಾಯಿಂದ ಬರುವ ಒಂದು ಮಾತೂ ನನಗೆ ಬೇಡ. ಆ ಬಾಯಲ್ಲಿ ತಾಯಿಯ ಮಾತನ್ನು ಮಾರಿದ್ದೀಯೆ."

ಹುಡುಗಿ ಬಾಯಿ ಮುಚ್ಚಿದಳು. ನೀರಜಾಕ್ಷಿ ಚೀಲದಿಂದ ಕಂಪನಿಯ ಮುದ್ರೆಯ ಕಾಗದವನ್ನು ತೆಗೆದಳು. ಇಪ್ಪತ್ತೆರಡು ವರ್ಷಗಳಲ್ಲಿ ಇಷ್ಟು ಬೇಗ ಅವಳು ಯಾವ ದೃಢೀಕರಣವನ್ನೂ ಬರೆದಿರಲಿಲ್ಲ. ಐದೂ ವೀಡಿಯೋಗಳಲ್ಲಿ ಇರುವ ಹೆಂಗಸು ಸತ್ಯವತಿಯಲ್ಲ, ಡೈನಾ. ಸತ್ಯವತಿ ಬಹ್ರೇನನ್ನು ಬಿಟ್ಟೇ ಇಲ್ಲ. ಆಕೆಯನ್ನು ಸಾಕ್ಷಿ ಹೇಳದಂತೆ ಬಚ್ಚಿಡಲಾಗಿದೆ ಎಂದು ಬರೆದಳು. ಕೆಳಗೆ ತನ್ನ ಹೆಸರು ಬರೆದು ಸಹಿ ಹಾಕಿದಳು. ಡೈನಾ ಯಾರೂ ಹೇಳದೆಯೇ ಪೆನ್ನು ತೆಗೆದುಕೊಂಡು ಅದರ ಕೆಳಗೆ ತನ್ನ ಸಹಿಯನ್ನೂ ಹಾಕಿದಳು. ಆಮೇಲೆ ಪೆನ್ನನ್ನು ನೀರಜಾಕ್ಷಿಯ ಕೈಗೇ ಮರಳಿಸಿದಳು.

ಕಾಗದದ ಚಿತ್ರ ರೋಜಿಗೆ ಹೋಯಿತು. ಎರಡು ಗೆರೆಗಳು ನೀಲಿಯಾದವು. ಕೂಡಲೇ ಉತ್ತರವೂ ಬಂತು. ವಿಚಾರಣಾಧಿಕಾರಿ ಪಕ್ಕದಲ್ಲೇ ನಿಂತಿದ್ದರು, ಓದಿದರು, ಕಂಪನಿಯ ವಕೀಲರಿಗೂ ತೋರಿಸಿದರು. ವಕೀಲರು ಎದ್ದು ಹೊರಗೆ ಹೋಗಿ ಯಾರಿಗೋ ಫೋನು ಮಾಡುತ್ತಿದ್ದಾರೆ ಎಂದು ರೋಜಿ ಬರೆದಿದ್ದಳು.

ನೀರಜಾಕ್ಷಿಯ ಎದೆ ಹಗುರಾಯಿತು. ಕಿಟಕಿಯಾಚೆ ಮಧ್ಯಾಹ್ನದ ಬಿಸಿಲಿನಲ್ಲಿ ಸ್ಥಾವರದ ಬಸ್ಸೊಂದು ಪಾಳಿಯ ಜನರನ್ನು ಹೊತ್ತು ಸಿತ್ರಾದ ಕಡೆಗೆ ತಿರುಗಿತು.

ಆಗ ಮಾನಸಳ ಫೋನು ಸಣ್ಣಗೆ ಸದ್ದು ಮಾಡಿತು. ಅವಳು ಅದನ್ನು ನೋಡಿದಳು. ನೋಡುತ್ತಿದ್ದಂತೆ ಮುಖದಿಂದ ಬಣ್ಣವೆಲ್ಲ ಇಳಿದುಹೋಯಿತು. ಎದ್ದುಬಂದು ಫೋನನ್ನು ನೀರಜಾಕ್ಷಿಯ ಮುಂದೆ ಹಿಡಿದಳು.

ಅದು ಸಮರ್ಥನ ಸಂದೇಶ. ಅದರ ಮೇಲೆ, ಆರು ದಿನದ ಹಿಂದೆ ಅವನೇ ಬರೆದಿದ್ದ ಇನ್ನೊಂದು. ಹಳೆಯದು ಹೀಗಿತ್ತು: ನೀನು ಬರೆಯುವುದು ನಿಲ್ಲಿಸಿದ ದಿನ, ಅಥವಾ ಆ ಸರ್ವೆಯರ್ ಸುಳ್ಳು ಎಂದು ಬರೆದ ದಿನ, ನಿನ್ನ ಅಮ್ಮನಿಗೆ ಸಂಜೆಯ ಸೂಜಿ ಇಲ್ಲ.

ಹೊಸದರಲ್ಲಿ ಎರಡೇ ಮಾತು. ಇವತ್ತು ಇಲ್ಲ.

ನೀರಜಾಕ್ಷಿ ಅದನ್ನು ಎರಡು ಸಲ ಓದಿದಳು. ಪೆನ್ನು ಇನ್ನೂ ಅವಳ ಕೈಯಲ್ಲಿತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಮೇಜಿನ ಮೇಲೂ ಇಡದೆ ಹಿಡಿದೇ ನಿಂತಳು.

"ಅಮ್ಮ ಎಲ್ಲಿದ್ದಾಳೆ, ಮಾನಸ?"

"ನನಗೂ ಹೇಳಿಲ್ಲ, ಆಂಟಿ," ಎಂದಳು ಹುಡುಗಿ. ಈಗ ಅವಳ ಕಣ್ಣಲ್ಲಿ ನೀರಿರಲಿಲ್ಲ. "ಹೇಳಿದ್ದರೆ ನಾನು ನಿಮ್ಮ ಹತ್ತಿರ ಯಾಕೆ ಬರ್ತಿದ್ದೆ?"

ಡೈನಾ ಗೋಡೆಯ ಗಡಿಯಾರವನ್ನು ನೋಡುತ್ತಿದ್ದಳು. ನರ್ಸಿನ ಸ್ವರದಲ್ಲಿ, ಯಾರದೋ ಕಡತ ಓದುವಂತೆ ಹೇಳಿದಳು. "ಬೆಳಗ್ಗೆ ಹಾಕಿದ್ದರೆ ಆರು ಗಂಟೆಯವರೆಗೆ ಪರವಾಗಿಲ್ಲ. ಆಮೇಲೆ ಬಾಯಾರಿಕೆ. ರಾತ್ರಿಗೆ ವಾಂತಿ. ನಾಳೆ ಹತ್ತು ಗಂಟೆಗೆ ಅವರು ಯಾರ ಮುಂದೆಯೂ ಮಾತಾಡುವ ಸ್ಥಿತಿಯಲ್ಲಿ ಇರುವುದಿಲ್ಲ."

ಗಡಿಯಾರದಲ್ಲಿ ಎರಡಕ್ಕೆ ಹತ್ತು ನಿಮಿಷ ಇತ್ತು.

ಈ ಕಥೆಗೆ ಕಿವಿಗೊಟ್ಟವರೆಲ್ಲರಿಗೂ ಒಳಿತಾಗಲಿ. ಅವರ ಮನೆಗಳಲ್ಲಿ ಮದ್ದು ಹೊತ್ತಿಗೆ ಸರಿಯಾಗಿ ಕೈಗೆ ಸಿಗಲಿ, ಹೇಳಲು ಬಂದವರ ಮಾತು ಅರ್ಧಕ್ಕೆ ತುಂಡಾಗದಿರಲಿ, ತಾಯಂದಿರ ದನಿ ತಾಯಂದಿರ ಕೊರಳಿನಿಂದಲೇ ಕೇಳಿಬರಲಿ. ಎಲ್ಲ ಜೀವಗಳನ್ನೂ ಪರಶಿವನು ಕಣ್ಣೆವೆ ಮುಚ್ಚದೆ ಕಾಯಲಿ.